ಕೊಡೆಯಾಚೆಯ ಕೆಮ್ಮು

ಗದಗದ ಬಸ್ ನಿಲ್ದಾಣದಲ್ಲಿ, ತವರೂರಿನ ಬಸ್ಸಿಗೆ ಕಾಯುತ್ತಿದ್ದಾಗಲೇ ನೀಲವ್ವನಿಗೆ ಒದ್ದೆಯೆನಿಸಿತು. ಕಂಬದ ಪಕ್ಕಕ್ಕೆ ಸರಿದು ಮರೆಗೊಡೆ ಬಿಚ್ಚಿದಳು. ಎಂದಿನಂತೆ ಕೊಡೆಯೂ ಕಾಣದಾಯಿತು, ಕೆಳಗಿದ್ದ ನೀಲವ್ವನೂ ಕಾಣದಾದಳು. ವಯಸ್ಸಾದವರ ಕೈಚೀಲದಲ್ಲೆಲ್ಲ ಈಗ ಅಂಥದೊಂದು ಕೊಡೆ ಇದ್ದೇ ಇರುತ್ತದೆ. ಬರಿಗಾಳಿಯಿಂದ ಡೈಪರಿನ ಅಂಟುಪಟ್ಟಿ ಕಿತ್ತ ಸದ್ದು ಬಂದರೂ ಯಾರೂ ತಿರುಗಿ ನೋಡಲಿಲ್ಲ.

ಅಕ್ಕ ಶಾಂತವ್ವ ಮಾತ್ರ ಆ ಬರಿಗಾಳಿಗೆ ಬೆನ್ನು ಮಾಡಿ, ಸೆರಗು ಅಗಲಿಸಿ ನಿಂತಳು. ಚೀಲ ಹೊತ್ತ ಗಂಡಸೊಬ್ಬ ಹತ್ತಿರ ಬಂದಾಗ ಕೆಮ್ಮಿದಳು.

“ಯಾಕ ಕೆಮ್ಮತಿ ಅಕ್ಕಾ? ನಾ ಯಾರಿಗೂ ಕಾಣಂಗಿಲ್ಲ,” ಎಂದಿತು ಕೊಡೆಯೊಳಗಿನ ದನಿ.

“ರೂಢಿ ಬಿಡವಲ್ದು.”

ಹುಡುಗಿಯರಾಗಿದ್ದಾಗ ಇಬ್ಬರೂ ನಸುಕಿಗೇ ಚೊಂಬು ಹಿಡಿದು ಹಳ್ಳದ ಕಡೆ ಹೋಗುತ್ತಿದ್ದರು. ಒಬ್ಬಳು ಕೂತರೆ ಇನ್ನೊಬ್ಬಳು ಕಾವಲು. ಯಾರಾದರೂ ಬಂದರೆ ಕೆಮ್ಮಬೇಕು. ಉಳಿದ ಹೊತ್ತೆಲ್ಲ ಜಾಲಿಗಿಡದ ಆಚೆಯಿಂದ ಈಚೆಗೆ ಊರ ಸುದ್ದಿ.

“ನೀ ಗಂಡನ ಮನಿಗೆ ಹೋದಮ್ಯಾಲ ನಾ ಒಬ್ಬಾಕಿನ ಹೋಗತಿದ್ದೆ,” ಎಂದಳು ನೀಲವ್ವ. “ಭಾಳ ಅಂಜಿಕಿ ಬರ್ತಿತ್ತು. ಹಿಂದ ನೀ ನಿಂತೀ ಅಂತ ತಿಳಕೊಂಡು ನಾನ ಕೆಮ್ಮಿಕೋತಿದ್ದೆ.”

ಬಸ್ಸೊಂದು ಹೊರಟುಹೋಗಿ ಸುತ್ತಲಿನ ಜನ ಕರಗಿದರು. ಶಾಂತವ್ವ ಮತ್ತೆ ಕೆಮ್ಮಿದಳು.

“ಯಾರ ಬಂದ್ರು?”

“ಯಾರೂ ಬಂದಿಲ್ಲ. ನಾ ಇಲ್ಲೇ ಅದೀನಿ.”