ಅಪ್ಪನ ಮಾತನ್ನು ತಿದ್ದಿದ್ದು

ಈ ಬರಹದಲ್ಲಿ ಭಾಷೆಯ ದೋಷಗಳು ಉಳಿದಿದ್ದರೆ ಓದುಗರು ಕ್ಷಮಿಸಬೇಕೆಂದು ಕೋರುತ್ತೇನೆ. ನೀರು ಚೆಲ್ಲಿದ ಶಹಾಬಾದ್ ಕಲ್ಲಿನ ವಾಸನೆ ಬಂದರೆ ಇಂದಿಗೂ ನನಗೆ ಆ ಶನಿವಾರ ನೆನಪಾಗುತ್ತದೆ.

ನಮ್ಮ ಶಾಲೆಯ ಭಾಷಣ ಸಂಘದಲ್ಲಿ ಅಂಗೈಯಗಲದ ನುಣುಪಾದ ಶಹಾಬಾದ್ ಕಲ್ಲೊಂದಿತ್ತು. ಅದನ್ನು ಹಿಡಿದವರು ಮಾತ್ರ ಮಾತನಾಡಬೇಕು. ಅವರ ಭಾಷೆ ತಪ್ಪಿದರೆ ಸಂಘದ ನಾಯಕಿಯಾದ ನಾನು ತಿದ್ದಬೇಕು. ಆ ಶನಿವಾರ ಪಾಲಕರ ಸಭೆಯಲ್ಲಿ ಆ ಕಲ್ಲು ಅಪ್ಪನ ಕೈಗೆ ಬಂತು. ಅಪ್ಪ ಕಲ್ಲು ಪಾಲಿಶ್ ಮಾಡುವ ಕಾರ್ಮಿಕರು. ಅವರ ಮಾಲೀಕರೇ ಅಂದಿನ ಅತಿಥಿಗಳು.

ಅಪ್ಪ ಎದ್ದು ನಿಂತು, ಕಲ್ಲಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಹೇಳಿದರು: "ಸಾಹೇಬ್ರ, ಮಿಷಿನ್ ಕಡಿ ಧೂಳ ಭಾಳ ಅದರಿ. ನಂದು ಎದಿ ಹಿಡಿಲಿಕತ್ತದ..."

"‘ಹಿಡಿಲಿಕತ್ತದ’ ಅಲ್ಲ ಅಪ್ಪಾ, ‘ಹಿಡಿಯುತ್ತಿದೆ’ ಅನ್ನಬೇಕು," ಎಂದೆ.

ಎಲ್ಲರೂ ನಕ್ಕರು. ಗುರುಗಳು ನನ್ನ ಬೆನ್ನು ತಟ್ಟಿದರು. "ಮೊದ್ಲು ಮಗಳ ಕಡಿಂದ ಮಾತು ಕಲ್ತು ಬಾರಪಾ, ಆಮ್ಯಾಲ ಕೇಳ್ತೀನಿ," ಎಂದರು ಮಾಲೀಕರು. ಅಪ್ಪ ಕಲ್ಲನ್ನು ನನ್ನ ಕೈಗಿಟ್ಟು ಕುಳಿತರು.

ಮನೆಗೆ ಹೋಗುವಾಗ, "ಬರೋಬ್ಬರಿ ಹೇಳಿದಿ ಬಿಡವ್ವಾ. ನಂಗ ಸಾಲಿ ಆಗಿಲ್ಲ," ಎಂದು ಹೇಳಿ ದಾರಿಯುದ್ದಕ್ಕೂ ಕೆಮ್ಮಿದರು.

ಧೂಳಿನ ಮಾತನ್ನು ಅವರು ಮತ್ತೆ ಯಾರ ಮುಂದೆಯೂ ಎತ್ತಲಿಲ್ಲ. ನಾನು ಏಳನೆಯ ತರಗತಿ ಮುಗಿಸುವ ಮೊದಲೇ ಅಪ್ಪ ತೀರಿಕೊಂಡರು. ಆ ಬಳಿಕ ಅದೇ ಯಂತ್ರದ ಮುಂದೆ ಅವ್ವ ಕೆಲಸಕ್ಕೆ ನಿಂತಳು.