ಸೈಡು

ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಕಾಲುವೆ ದಾಟಿ ಪೇಟೆಯತ್ತ ತೆವಳುತ್ತಿತ್ತು. ಒಂದು ಮೈಲಿ ಹೋಗಿರಬೇಕು, ಹಿಂದೆ ಕಾರೊಂದು ಬಿಡದೆ ಹಾರ್ನ್ ಬಾರಿಸತೊಡಗಿತು.

ಟ್ರ್ಯಾಕ್ಟರಿನವನು ಹಾಡಿನ ಸದ್ದು ಹೆಚ್ಚಿಸಿದ. ನಿನ್ನೆ ಇದೇ ರಸ್ತೆಯಲ್ಲಿ ಕಾರಿನವನೊಬ್ಬ ಮುಂದೆ ಹೋಗುತ್ತ ಅವನ ಮೇಲೆ ಉಗುಳಿದ್ದ. ಆ ಉರಿ ಇನ್ನೂ ಆರಿರಲಿಲ್ಲ.

ಕಾರು ಇಂಡಿಕೇಟರ್ ಹಾಕಿ, ಎದುರಿನ ಬಸ್ಸು ಲಾರಿಗಳೆಲ್ಲ ಹೋಗಲೆಂದು ಕಾದು, ರಸ್ತೆ ಖಾಲಿಯಾದಾಗ ಬಲಕ್ಕೆ ಬಂತು. ಅವನು ಸ್ಟೇರಿಂಗನ್ನು ಬಲಕ್ಕೇ ಎಳೆದ. ಕಾರು ಹಿಂದೆ ಸರಿಯಿತು. ಮತ್ತೆ ಬಂತು. ಮತ್ತೆ ಎಳೆದ.

ಮಡ್‌ಗಾರ್ಡ್ ಮೇಲೆ ಕೂತಿದ್ದ ಗೆಳೆಯ, “ಬಿಡಲೇ, ಏನ್ ಅರ್ಜೆಂಟ್ ಐತೋ ಏನೋ,” ಎಂದ.

“ಕಾರಿನವ್ರಿಗೆ ದಿನಾ ಅರ್ಜೆಂಟ್. ಇವತ್ತ ನನ್ನ ಹಿಂದ ಬರ್ಲಿ.”

ಹಿಂದಿನ ಟ್ರೇಲರಿನ ಕಬ್ಬಿನ ಮೇಲೆ ಹತ್ತಿ ಕೂತಿದ್ದ ತನ್ನ ಹೆಂಡತಿ ಇದನ್ನೆಲ್ಲ ನೋಡಿ ನಗುತ್ತಿರಬೇಕೆಂದುಕೊಂಡು ಮೀಸೆ ತಿರುವಿದ.

ನಾಲ್ಕು ಮೈಲಿ ಹೀಗೇ ನಡೆಯಿತು. ಆಮೇಲೆ ಹಾರ್ನ್ ನಿಂತಿತು. ರಸ್ತೆ ಖಾಲಿಯಿದ್ದರೂ ಕಾರು ಬಲಕ್ಕೆ ಬರಲಿಲ್ಲ, ಸುಮ್ಮನೆ ಹಿಂದೆ ಬಂತು.

“ನೋಡು, ಸೊಕ್ಕು ಇಳೀತು,” ಎಂದು ಅವನು ನಕ್ಕ.

ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಟ್ರ್ಯಾಕ್ಟರು ನಿಂತಾಗ ಕಾರೂ ಪಕ್ಕಕ್ಕೆ ಬಂದು ನಿಂತಿತು. ಕನ್ನಡಕದ ಹೆಂಗಸೊಬ್ಬಳು ನಿಧಾನವಾಗಿ ಇಳಿದಳು.

“ಯಾಕ್ರೀ ಬಾಯಾರ, ಸೈಡ್ ಬ್ಯಾಡಾತೇನು?” ಎಂದು ಅವನು ಮೇಲಿನಿಂದಲೇ ಕೇಳಿದ.

“ಬ್ಯಾಡಪ್ಪಾ,” ಎಂದಳು ಆಕೆ. “ಕಾಲಿವಿ ತಿರುವಿನ್ಯಾಗ ನಿನ್ನ ಕಬ್ಬಿನ ಮ್ಯಾಲಿಂದ ಬಿದ್ದಾಕೀನ ದವಾಖಾನಿಗೆ ಒಯ್ಯಾಕತ್ತಿದ್ದೆ. ಈಗ ಅವಸರಿಲ್ಲ.”