ಬ್ಯಾನರ್ ಇಲ್ಲದ ಅಂಗಡಿ

ಬ್ಯಾನರಿನ ಒಂದು ಮೂಲೆಯ ಹಗ್ಗ ಆಗಲೇ ಬಿಚ್ಚಿ ಚಂದ್ರಕ್ಕನ ಕೈಗೆ ಬಂದಿತ್ತು. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಹೂವಿನ ಏಕನಾಥಮ್ಮ ಓಡಿಬಂದು ರಟ್ಟೆ ಹಿಡಿದಳು.

"ಏನೇ ಇದು, ಬೆಳಬೆಳಿಗ್ಗೆ? ಪೊಲೀಸ್ರು ಬರ್ಬೇಕೇನು?"

"ಬರ್ಲಿ ಬಿಡಕ್ಕ. ಬಂದು ಕೇಳ್ಲಿ, ಈ ಜಾಗ ಯಾರ್ದು ಅಂತ!"

ಜಾಗವೆಂದರೆ ಚಿತ್ರದುರ್ಗದ ಪೇಟೆ ರಸ್ತೆಯಲ್ಲಿ, ಬೇವಿನ ಮರದ ಕೆಳಗೆ, ಎರಡು ಮಂಚ ಹಿಡಿಯುವಷ್ಟು ಫುಟ್‌ಪಾತು. ದೀಪಾವಳಿ ಕಳೆದ ಮೇಲೆ ಅಲ್ಲಿ ಚಂದ್ರಕ್ಕನ ಸ್ವೆಟರು, ಶಾಲು, ಮಂಕಿಟೋಪಿ ಹರಡಿಕೊಳ್ಳುತ್ತಿದ್ದವು. ಸಂಕ್ರಾಂತಿಯ ತನಕ ವ್ಯಾಪಾರ. ಉಳಿದ ತಿಂಗಳುಗಳ ಊಟವೆಲ್ಲ ಆ ವ್ಯಾಪಾರದೊಳಗೇ ಬರಬೇಕು. ಈ ಸಲ ಗಂಟು ಇಳಿಸಲು ಬಂದು ನೋಡಿದರೆ, ಮರದ ಕೆಳಗೆ ಇನ್ಯಾರೋ ಗಂಡಹೆಂಡತಿ. ಅವರ ತಲೆಯ ಮೇಲೆ ಕೊಂಬೆಗೆ ಕಟ್ಟಿದ ಕೆಂಪು ಬಟ್ಟೆ, ಅದರಲ್ಲಿ ಬಿಳಿ ಅಕ್ಷರ: 'ಟಿಬೆಟನ್ ಸ್ವೆಟರ್ ಸೇಲ್'.

ಚಂದ್ರಕ್ಕನಿಗೆ ಉಳಿದದ್ದು ಚರಂಡಿಯ ಪಕ್ಕ. ಅಲ್ಲಿ ಗಿರಾಕಿಗಳು ಮೂಗು ಮುಚ್ಚಿಕೊಂಡು ಸ್ವೆಟರು ನೋಡುತ್ತಿದ್ದರು, ಮೂಗು ಮುಚ್ಚಿಕೊಂಡೇ ಹೋಗುತ್ತಿದ್ದರು.

ಅಂಗಡಿಗೆ ಬ್ಯಾನರು ಕಟ್ಟಬೇಕು ಎಂದು ಅವಳಿಗೆ ಎಂದೂ ಹೊಳೆದಿರಲಿಲ್ಲ. ಅವಳ ಮುಖ ಕಂಡರೆ ಜನ ಬರುತ್ತಿದ್ದರು. ಅದಕ್ಕೂ ಮೊದಲು ಅವಳ ತಾಯಿ ಅಲ್ಲೇ ಕೂರುತ್ತಿದ್ದಳು. ಒಂದು ಕೈಯಲ್ಲಿ ಜಪಮಣಿ, ಇನ್ನೊಂದು ಕೈಯ ಬೆರಳಲ್ಲಿ ದರ. ಮಾತಿಲ್ಲ, ಚೌಕಾಸಿಯಿಲ್ಲ; ಕೇಳಿದವರಿಗೆ ಒಂದು ನಗು. ವ್ಯಾಪಾರ ಜೋರಿದ್ದ ಒಂದು ದಿನ ಏಕನಾಥಮ್ಮನಿಗೆ ಗಂಟು ಒಪ್ಪಿಸಿ, ಸರ್ಕಾರಿ ಆಸ್ಪತ್ರೆಗೆ ನಡೆದುಹೋಗಿ ಮಗಳನ್ನು ಹೆತ್ತು ಬಂದವಳು. ಮಗಳಿಗೆ ಮನೆಯಲ್ಲಿ ಬೇರೆ ಹೆಸರಿತ್ತು. ಚಂದ್ರಕ್ಕ ಎಂದು ಕರೆದು ಊರಿಗೆಲ್ಲ ರೂಢಿ ಮಾಡಿದವಳು ಏಕನಾಥಮ್ಮ.

ಮಧ್ಯಾಹ್ನ ಅವಳ ಹಳೆಯ ಗಿರಾಕಿ ಟೀಚರ್ ಶೋಭಾರಾಣಿ ಚರಂಡಿ ದಾಟಿ, ನೇರ ಮರದ ಕೆಳಗೆ ಹೋದರು.

"ಬೇಜಾರಾಗ್ಬೇಡ ಚಂದ್ರಕ್ಕ. ಅಲ್ಲಿ ಚೌಕಾಸಿ ಮಾಡ್ಬೋದು," ಎಂದರು ಹಿಂತಿರುಗುವಾಗ, ಕೈಚೀಲವನ್ನು ಸೆರಗಿನ ಹಿಂದೆ ಸರಿಸಿಕೊಳ್ಳುತ್ತ.

ಚಂದ್ರಕ್ಕನ ಮೈ ಉರಿಯಿತು. ಆ ಗಂಡಸು ಟೋಪಿಯನ್ನು ಹುಬ್ಬಿನ ತನಕ ಎಳೆದು, ಮಫ್ಲರನ್ನು ಮೂಗಿನ ತನಕ ಸುತ್ತಿ ಕೂತಿದ್ದ. ಹಾಡುಹಗಲಿನಲ್ಲಿ, ಅಷ್ಟು ಬಿಸಿಲಿನಲ್ಲಿ! ಗಿರಾಕಿಗಳ ಹತ್ತಿರ ದರದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಗಂಡಹೆಂಡತಿ ತಮ್ಮತಮ್ಮಲ್ಲಿ ಆಡಿಕೊಳ್ಳುವುದು ಚಂದ್ರಕ್ಕನಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ.

"ಎಲ್ಲಿಂದಲೋ ಬಸ್ಸಿಳಿದು ಬರ್ತಾರೆ, ನಮ್ಮ ಅನ್ನದಾಗೆ ಕೈ ಹಾಕ್ತಾರೆ. ಹೊರಗಿನೋರು!"

ಏಕನಾಥಮ್ಮ ದಾರಕ್ಕೆ ಹೂವು ಏರಿಸುವುದನ್ನು ನಿಲ್ಲಿಸಿದಳು. "ಬೇಕಾದ್ದು ಬೈಯಿ. ಆದ್ರೆ ಆ ಮಾತು ಒಂದು ಬ್ಯಾಡ ಕಣೆ."

"ಯಾಕೆ ಬ್ಯಾಡ? ನಾನು ಹುಟ್ಟಿದ್ದು ಈ ಊರಾಗೆ. ಅವರು ಹುಟ್ಟಿದ್ದೆಲ್ಲಿ, ಕೇಳು ಹೋಗು!"

ಏಕನಾಥಮ್ಮ ಕೇಳಲು ಹೋಗಲಿಲ್ಲ.

ಸಂಜೆ ಹೂವಿಗೆ ಬಂದ ಮೂರ್ತಪ್ಪ ದಾರಿ ತೋರಿಸಿದ. ಫುಟ್‌ಪಾತು ನೋಡಿಕೊಳ್ಳುವ ಆಫೀಸಿನಲ್ಲಿ ಅವನು ಜವಾನ. "ಹೊಸ ಸಾಹೇಬ್ರು ಬಂದವ್ರೆ, ಲಕ್ಷ್ಮೀಕಾಂತ್ ಅಂತ. ಇನ್ನೂ ಊರಿನ ಮುಖಗಳೇ ಗೊತ್ತಿಲ್ಲ ಅವರಿಗೆ. ನೀನೇ ಬಾರವ್ವ, ನಾನು ನಿಂತು ಪರಿಚಯ ಮಾಡಿಸ್ತೀನಿ."

"ನಾನು ಎದ್ದು ಬಂದ್ರೆ ಈ ಚರಂಡಿ ಪಕ್ಕಾನೂ ಹಿಡ್ಕಂತಾರೆ ಮೂರ್ತಪ್ಪ. ನಂಬರ್ ಕೊಡು ಸಾಕು."

ಮರುದಿನ ಅವಳು ಜೆರಾಕ್ಸ್ ಅಂಗಡಿಯ ಕಾಯಿನ್ ಬಾಕ್ಸ್ ಫೋನಿಗೆ ರೂಪಾಯಿ ಹಾಕಿ, ಕಣ್ಣನ್ನು ತನ್ನ ಗಂಟಿನ ಮೇಲೇ ಇಟ್ಟುಕೊಂಡು ಮಾತಾಡಿದಳು.

"ಸಾರ್, ನಮ್ಮಮ್ಮನ ಕಾಲದಿಂದ ಕುಂತಿರೋ ಜಾಗ ಸಾರ್. ಯಾರೋ ಬಂದು ಅಮರ್ಕಂಡವ್ರೆ. ಅವರ ಭಾಷೆ ನಮಗೆ ತಿಳಿಯಲ್ಲ. ಟಿಬೆಟನ್ ಅಂತ ಬೋರ್ಡು ಬೇರೆ, ಏನು ಧೈರ್ಯ ನೋಡ್ರಿ! ಹೊರಗಿನೋರ್ನ ಎಬ್ಬಿಸ್ರಿ ಸಾರ್."

ಆ ಕಡೆಯ ದನಿಗೆ ಹುರುಪು ಬಂತು. "ನಿಮ್ಮ ಮಾತು ಕೇಳಿದ್ರೇ ಗೊತ್ತಾಗುತ್ತೆ ಬಿಡಿ, ಅಪ್ಪಟ ದುರ್ಗದವರು. ನಿಮ್ಮಂಥ ಸ್ಥಳೀಯರು ಬಾಯಿ ಬಿಡಲ್ಲ, ಅದಕ್ಕೇ ಈ ಗತಿ. ನಿಮ್ಮ ಹೆಸರೇನಮ್ಮ?"

"ಚಂದ್ರಕ್ಕ, ಸಾರ್."

"ನಾಳೆ ಬರ್ತೀನಿ ಚಂದ್ರಕ್ಕ. ಹೊರಗಿನವರು ಒಬ್ಬರೂ ಅಲ್ಲಿರಲ್ಲ. ಮಾತು ಕೊಟ್ಟೆ."

'ಅಪ್ಪಟ ದುರ್ಗದವರು' ಎಂದದ್ದನ್ನು ಅವಳು ಅಂದು ಏಕನಾಥಮ್ಮನಿಗೆ ಎಷ್ಟು ಸಲ ಹೇಳಿದಳೋ. ಏಕನಾಥಮ್ಮ ಹೂಂ ಎಂದಳು. ಆಮೇಲೆ, "ಅವರು ನಿನ್ನ ನೋಡ್ಯಾರೇನೆ?" ಎಂದು ಕೇಳಿದಳು.

"ನಾಳೆ ನೋಡ್ತಾರಲ್ಲ!"

ಸರ್ಕಾರದಲ್ಲಿ ಕೊಟ್ಟ ಮಾತು ಉಳಿಯುವುದು ಅಪರೂಪ. ಲಕ್ಷ್ಮೀಕಾಂತ್ ಅಪರೂಪದ ಮನುಷ್ಯ. ಹೇಳಿದಂತೆಯೇ ಜೀಪು ಬಂತು. ಚಂದ್ರಕ್ಕ ಕೂದಲು ಬಾಚಿ, ಎದ್ದು ನಿಂತು, ಮೊದಲ ಮಾತನ್ನು ಬಾಯಲ್ಲಿ ಸಿದ್ಧವಾಗಿ ಇಟ್ಟುಕೊಂಡಿದ್ದಳು. ಸಾಹೇಬರು ನೇರ ಮರದ ಕೆಳಗೆ ಹೋಗಿ, ಬ್ಯಾನರು ಓದಿ, ಗುಡುಗಿದರು.

"ಯಾರಯ್ಯ ನೀನು? ತೆಗಿ ಅದನ್ನ, ಮುಖ ತೋರಿಸು!"

ಗಂಡಸು ಟೋಪಿ ತೆಗೆದ, ಮಫ್ಲರು ಬಿಚ್ಚಿದ. ದಪ್ಪ ಮೀಸೆ, ಹಣೆಯ ಮೇಲೆ ಬೆವರಿಗೆ ಕರಗಿದ ವಿಭೂತಿ.

"ಚಿತ್ತಯ್ಯ, ಸಾ. ಧರ್ಮಪುರದೋನು. ಗಡಿ ಕಡೆ ಅಲ್ವ, ಮನೆ ಮಾತು ತೆಲುಗು. ಆ ಹೆಸರು ಬರೆಸಿದ್ರೆ ಮಾಲು ಹೋಗ್ತೈತೆ ಅಂದ್ರು, ಬರೆಸ್ದೆ. ತಪ್ಪಾತು ಸಾ."

ಸಾಹೇಬರು ನಕ್ಕುಬಿಟ್ಟರು. "ಧರ್ಮಪುರ ಅಂದ್ರೆ ಇದೇ ಜಿಲ್ಲೆಯೋನು. ನಮ್ಮೋನೇ ಬಿಡು. ಬ್ಯಾನರ್ ಇಳಿಸಿ ವ್ಯಾಪಾರ ಮಾಡ್ಕೋ."

ಆಮೇಲೆ ಚರಂಡಿಯ ಕಡೆ ತಿರುಗಿದರು. ಚಂದ್ರಕ್ಕನ ಮುಖ ನೋಡಿದರು. ಅವಳು ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದು, ಕಿವುಡರಿಗೆ ಹೇಳುವಂತೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು:

"ಏ ಬೆಹೆನ್‌ಜೀ, ತುಮ್ ಟಿಬೆಟ್‌ವಾಲಾ ಲೋಗ್ ಇಧರ್ ಸೇ ಉಠೋ. ಚಂದ್ರಕ್ಕ ಕರ್ಕೆ ಏಕ್ ಲೋಕಲ್ ಲೇಡಿ ಕಂಪ್ಲೇಂಟ್ ದಿಯಾ ಹೈ!"